ಹಿಂದಿನ ಬ್ರೇಕ್ ಸ್ಪ್ರಿಂಗು ಕೂರ್ತಿಲ್ಲ, ಮೇಸ್ತ್ರಿಗೆ ಒಂದು ಪ್ರಶ್ನೆ

ಮೈಸೂರು: ಮೇಸ್ತ್ರಿ, ನಮಸ್ಕಾರ. ಅಪ್ಪನ 1968ರ ಅಂಬಾಸಡರ್ ಮಾರ್ಕ್ 2. ಹಿಂದಿನ ಚಕ್ರಕ್ಕೆ ಹೊಸ ಲೈನರ್ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸೋ ಪಟ್ಟಿ) ಹಾಕ್ತಿದೀನಿ. ಶೂ ವಾಪಸ್ ಎಳೆಯೋ ಸ್ಪ್ರಿಂಗ್ ಒಂದು ಸಿಕ್ಕಿಸಿದರೆ ಇನ್ನೊಂದು ಹಾರಿಹೋಗುತ್ತೆ. ಬೆಳಿಗ್ಗೆಯಿಂದ ಇದೇ ಕತೆ.

ಮೇಸ್ತ್ರಿ: ಶೂ ಕೂರಿಸಿ ಆಮೇಲೆ ಸ್ಪ್ರಿಂಗ್ ಎಳೀತಿದೀರಿ, ಅದೇ ತಪ್ಪು. ಅಡ್ಜಸ್ಟರ್ (ಶೂಗೂ ಡ್ರಮ್ಮಿಗೂ ಅಂತರ ಹೊಂದಿಸೋ ತಿರುಪು) ಪೂರ್ತಿ ಸಡಿಲ ಮಾಡಿ. ನೆಲದ ಮೇಲೇ ಎರಡೂ ಶೂಗೆ ಸ್ಪ್ರಿಂಗ್ ಸಿಕ್ಕಿಸಿ, ಶೂ ಹಿಂದಿನ ಪ್ಲೇಟಿನ ಕಡೆ ಬರೋ ಹಾಗೆ. ಒಂದು ಶೂ ಜಾಗದಲ್ಲಿ ಕೂರಿಸಿ, ಇನ್ನೊಂದನ್ನು ದಪ್ಪ ಸ್ಕ್ರೂಡ್ರೈವರ್‌ನಲ್ಲಿ ಮೀಟಿ ಒಳಗೆ ತನ್ನಿ. ಶೂ ತಳ್ಳೋ ಸಿಲಿಂಡರಿನ ಪಿಸ್ಟನ್ ಹೊರಗೆ ಬರದಂತೆ ತಂತಿ ಸುತ್ತಿ. ಇನ್ನೊಂದು ಕಡೆಯ ಬ್ರೇಕ್ ಈಗ ಬಿಚ್ಚಬೇಡಿ. ಯಾವ ಕೊಕ್ಕೆ ಯಾವ ತೂತಿಗೆ ಅಂತ ಅದನ್ನೇ ನೋಡಿ. ಕಣ್ಣಿಗೆ ಕನ್ನಡಕ ಇರಲಿ.

ದಾವಣಗೆರೆ: ನಂದು ಪದ್ಮಿನಿ ಕಾರು, ಇದೇ ತೊಂದರೆ. ಸ್ಪ್ರಿಂಗ್ ಹೇಗೆ ಹಾಕೋದು ಸಾರ್?

ಮೇಸ್ತ್ರಿ: ಮೇಲೆ ಓದಿ.

ಕುಂದಾಪುರ: ಹೆರಾಲ್ಡ್ ಗಾಡಿಗೆ ಸ್ಪ್ರಿಂಗ್ ಎಲ್ಲಿ ಸಿಗುತ್ತೆ?

ಹಾಸನ: ಫಾರ್ವರ್ಡ್ ಬಂದಿದ್ದು: "ಸ್ಪ್ರಿಂಗನ್ನು ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿದರೆ ಸಲೀಸಾಗಿ ಎಳೆಯುತ್ತೆ. ಸಿಲಿಂಡರ್ ರಬ್ಬರಿಗೆ ಇಂಜಿನ್ ಆಯಿಲ್ ಸವರಿ."

ಮೇಸ್ತ್ರಿ: ಯಾರ್ರೀ ಬರೀತಾರೆ ಇದನ್ನ? ಕಾಯಿಸಿದರೆ ಹದ ಹೋಗುತ್ತೆ. ಇಂಜಿನ್ ಆಯಿಲ್ ತಾಗಿದರೆ ರಬ್ಬರ್ ಉಬ್ಬುತ್ತೆ. ಬ್ರೇಕ್ ಆಯಿಲ್ ಬಿಟ್ಟು ಬೇರೇನೂ ಮುಟ್ಟಿಸಬೇಡಿ.

ಧಾರವಾಡ: ನಾ ಹಂಗ ಕಾಯಿಸಿ ಹಾಕೇನ್ರೀ, ಮೂರು ವಾರ ಆತು. ಗಾಡಿ ಚಲೋ ಐತಿ. ಬಲಗಡೆ ಹಿಂದಿನ ಚಕ್ರ ಅಷ್ಟ ಬಿಸಿ ಆಗ್ತೈತಿ, ಸುಟ್ಟ ವಾಸನಿ ಬರ್ತೈತಿ.

ಮೇಸ್ತ್ರಿ: ಅದಕ್ಕೆ ಚಲೋ ಅನ್ನಲ್ಲ ಸ್ವಾಮಿ. ಶೂ ಡ್ರಮ್ಮಿಗೆ ಉಜ್ಜಿಕೊಂಡೇ ಓಡ್ತಿದೆ. ಬಿಸಿ ಏರಿ ಬ್ರೇಕ್ ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ. ಹಳೇ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನು. ಅರಬೈಲ್ ಘಾಟಿ ಇಳಿಯುವಾಗ ಹಾಗಾದರೆ? ಇವತ್ತು ಗಾಡಿ ತೆಗೀಬೇಡಿ. ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ, ಹಿಂದೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಬ್ಲೀಡ್ ಸ್ಕ್ರೂ (ಬ್ರೇಕ್ ಲೈನಿನ ಗಾಳಿ ತೆಗೆಯೋ ತಿರುಪು) ಸಡಿಲಿಸಿ. ಆಗ ಹಗುರಾದರೆ ಆಯಿಲ್ ವಾಪಸ್ ಹೋಗ್ತಿಲ್ಲ, ಹೋಸ್ (ಆಯಿಲ್ ಹೋಗೋ ರಬ್ಬರ್ ಪೈಪು) ನೋಡಬೇಕು. ಆಗಲೂ ಬಿಗಿಯೇ ಇದ್ದರೆ ಡ್ರಮ್ ಬಿಚ್ಚಿ. ಸ್ಪ್ರಿಂಗ್ ಸುರುಳಿಗಳ ಮಧ್ಯೆ ಬೆಳಕು ಕಂಡರೆ ಅದು ಸತ್ತಿದೆ ಅಂತಲೇ.

ಶಿವಮೊಗ್ಗ: ಕಾಯಿಸೋದ್ಯಾಕೆ? ಸ್ಪ್ರಿಂಗ್ ಬಗ್ಗಿಸಿ ಸುರುಳಿ ಮಧ್ಯೆ ನಾಣ್ಯ ತುರುಕಿ, ಉದ್ದ ಆಗುತ್ತೆ. ಸಿಕ್ಕಿಸಿದ ಮೇಲೆ ಕಿತ್ತುಬಿಡಿ.

ಹಾಸನ: ಹುಂಡಿಗೆ ಹಾಕಿದ ಹಾಗಾ? ಡಿಸ್ಕ್ ಬ್ರೇಕ್ ಹಾಕಿಸಿ, ಕಾಟ ತಪ್ಪುತ್ತೆ.

ಮೈಸೂರು: ಡಿಸ್ಕ್ ಹಾಕಿದ ಮೇಲೆ ಹಳೇ ಗಾಡಿ ಯಾಕೆ ಇಟ್ಕೋಬೇಕು? ಮಾರಿ ಹೊಸದು ತಗೊಳ್ಳಿ.

ಹಾಸನ: ನಿಮ್ಮಪ್ಪನ ಗಾಡಿ, ನೀವೇ ಪೂಜೆ ಮಾಡಿ.

ಮೈಸೂರು: ಅಪ್ಪನ ವಿಷಯ ಬೇಡ.

ದಾವಣಗೆರೆ: ಡ್ರಮ್ ಧೂಳಿಗೆ ಗಾಳಿ ಹೊಡೀಬಹುದಾ?

ಮೇಸ್ತ್ರಿ: ಬೇಡ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಉಸಿರಿಗೆ ಹೋದರೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಜಗಳ ಆಡೋರು ಆಚೆ ಹೋಗಿ ಆಡಿ.

ಧಾರವಾಡ: ಸ್ಕ್ರೂ ಸಡಿಲ ಮಾಡಿದೆ ಮೇಸ್ತ್ರಿ. ಇನ್ನೂ ಬಿಗೀನ ಐತಿ. ಡ್ರಮ್ ಬಿಚ್ಚಿದ್ರ ಸ್ಪ್ರಿಂಗ್ ಜೋತು ಬಿದ್ದೈತಿ.

ಮೇಸ್ತ್ರಿ: ಎರಡೂ ಕಡೆಗೆ ಹೊಸ ಸ್ಪ್ರಿಂಗ್ ಹಾಕಿ. ಸಡಿಲಿಸಿದ ಸ್ಕ್ರೂ ಬಿಗಿ ಮಾಡಿ, ಬ್ರೇಕ್ ಲೈನಿನ ಗಾಳಿ ತೆಗೀರಿ. ಅಲ್ಲಿವರೆಗೆ ಬಸ್ಸಲ್ಲಿ ಓಡಾಡಿ.