ಅಪ್ಪ ಅಮ್ಮನ ಹಳೆ ಫೋಟೊ ಹಾಕಿ ಕೊಲಾಜ್ ಪೇಂಟಿಂಗ್: ಒರಿಜಿನಲ್ ಅಂಟಿಸೋದಾ, ಪ್ರಿಂಟಾ? ಮಾಡಿದವರು ಅನುಭವ ಹೇಳಿ

ಶಿವಮೊಗ್ಗದ ಮಗಳು:
ಬರುವ ಫೆಬ್ರವರಿಗೆ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ. ಅವರ ಹಳೆ ಫೋಟೊಗಳು, ಅಪ್ಪ ಬರೆದ ಇನ್‌ಲ್ಯಾಂಡ್ ಲೆಟರ್, ಅಮ್ಮನ ಧಾರೆ ಸೀರೆಯ ಅಂಚು ಎಲ್ಲ ಸೇರಿಸಿ 2×3 ಅಡಿಯ ಒಂದು ಮಿಕ್ಸೆಡ್ ಮೀಡಿಯಾ ಚಿತ್ರ ಮಾಡುವ ಆಸೆ. ಅಕ್ರಿಲಿಕ್ ಅಭ್ಯಾಸ ಇದೆ, ಕೊಲಾಜ್ ಹೊಸದು. ಒರಿಜಿನಲ್ ಫೋಟೊನೇ ಅಂಟಿಸಬಹುದಾ? ಕ್ಯಾನ್ವಾಸ್ ಸಾಕಾ, ಹಲಗೆ ಬೇಕಾ? ಸೀರೆಯ ಜರಿ ಕಪ್ಪಾಗುತ್ತದಾ? ದಯವಿಟ್ಟು ತಿಳಿಸಿ.

ಬಣ್ಣದ ಡಬ್ಬಿ (ಬೆಂಗಳೂರು):
ಮೊದಲು ಒಂದು ಮಾತು. ಪ್ರಿಂಟ್ ಅಂಗಡಿಯವರನ್ನು ಕಣ್ಣು ಮುಚ್ಚಿ ನಂಬಬೇಡಿ. ನಾನು ಅಜ್ಜಿಯ ಚಿತ್ರ ಮಾಡುವಾಗ "ಲೇಸರ್ ಪ್ರಿಂಟೇ ಬೇಕು" ಅಂತ ಒತ್ತಿ ಒತ್ತಿ ಹೇಳಿದ್ದೆ. ಕೊಟ್ಟಿದ್ದು ಇಂಕ್‌ಜೆಟ್. ನೋಡೋಕೆ ಚೆನ್ನಾಗೇ ಇತ್ತು. ಮೇಲೆ ಜೆಲ್ ಮೀಡಿಯಂ (ಅಕ್ರಿಲಿಕ್ ಜೊತೆ ಬಳಸುವ, ನೀರಿನಂಶ ಇರುವ ಅಂಟು) ಹಚ್ಚಿದೆ ನೋಡಿ, ಅಜ್ಜಿಯ ಕುಂಕುಮ ಕರಗಿ ಮೂಗಿನ ತನಕ ಇಳಿಯಿತು. ಸೀರೆಯ ನೀಲಿ ಕುತ್ತಿಗೆಗೆಲ್ಲ ಹತ್ತಿತು. ಒರೆಸಿದಷ್ಟೂ ಹರಡಿತು. ಪ್ರಿಂಟ್‌ಗೆ 480, ಜೆಲ್‌ಗೆ 950, ಕ್ಯಾನ್ವಾಸ್‌ಗೆ 1,350. ಒಟ್ಟು 2,780 ರೂಪಾಯಿ ನೀರಲ್ಲಿ ಹೋಮ. ಅಂಗಡಿಯವರು ಒಂದು ಪೈಸೆ ವಾಪಸ್ ಕೊಡಲಿಲ್ಲ, "ನೀವು ನೀರು ಹಚ್ಚುತ್ತೀರಿ ಅಂತ ಹೇಳಲಿಲ್ಲವಲ್ಲ" ಅಂದರು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಲೇಸರ್‌ನಲ್ಲಿ ಇರುವುದು ಟೋನರ್, ಅಂದರೆ ಬಿಸಿಗೆ ಕರಗಿ ಕಾಗದಕ್ಕೆ ಹಿಡಿದ ಪ್ಲಾಸ್ಟಿಕ್ ಪುಡಿ. ಅದು ನೀರಿಗೆ ಜಗ್ಗುವುದಿಲ್ಲ. ಅಂಗಡಿಯಲ್ಲೇ ನಿಂತು ಬೆರಳು ಒದ್ದೆ ಮಾಡಿ ಪ್ರಿಂಟ್‌ನ ಮೂಲೆ ಉಜ್ಜಿ ನೋಡಿ. ಬಣ್ಣ ಬೆರಳಿಗೆ ಬಂದರೆ ದುಡ್ಡು ಕೊಡಬೇಡಿ.

ಹಳೇ ಬ್ರೋಮೈಡ್ (ಮೈಸೂರು):
ಪ್ರಿಂಟು ಗಿಂಟು ಯಾಕೆ? ನಾನು ಒರಿಜಿನಲ್ಲೇ ಅಂಟಿಸಿದ್ದು, ಯಾರು ಏನೇ ಅನ್ನಲಿ ನನಗೆ ಅದರ ಬಗ್ಗೆ ಹೆಮ್ಮೆ ಇದೆ. ನಮ್ಮ ತಂದೆಯ 1968ರ ಕಪ್ಪುಬಿಳುಪು ಫೋಟೊ. ಸುತ್ತ ಹಲ್ಲುಹಲ್ಲಾಗಿ ಕತ್ತರಿಸಿದ ಬಿಳಿ ಅಂಚು, ಹಿಂದೆ ಸ್ಟುಡಿಯೋ ಸೀಲು, ಮೂಲೆಯಲ್ಲಿ ಅಜ್ಜನ ಕೈಬರಹದ ತಾರೀಖು. ಆ ಕಾಗದದ ದಪ್ಪ, ಅದರ ಕಪ್ಪಿನ ಆಳ ಯಾವ ಜೆರಾಕ್ಸ್‌ನಲ್ಲಿ ಬರುತ್ತದೆ ಹೇಳಿ? ಸುತ್ತ ತೆಳುವಾಗಿ ಕಾವಿ ಬಣ್ಣ ಕೊಟ್ಟೆ, ಮುಖ ಮುಟ್ಟಲಿಲ್ಲ. ಪ್ಲೈವುಡ್ 1,100, ಸಾಗುವಾನಿ ಫ್ರೇಮ್ 3,600. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತೇ ನಿಲ್ಲುತ್ತಾರೆ. ಆಲ್ಬಂನಲ್ಲಿ ಇದ್ದಾಗ ಯಾರು ನೋಡುತ್ತಿದ್ದರು?

ನೆಗೆಟಿವ್ ಪೆಟ್ಟಿಗೆ:
ಸರ್, ಹೊಸಬರಿಗೆ ಇಂಥ ಸಲಹೆ ಕೊಡಬೇಡಿ. ಸಿಟ್ಟು ಬರುತ್ತದೆ. ನಮ್ಮ ಚಿಕ್ಕಮ್ಮ ಹೀಗೇ ಉತ್ಸಾಹದಲ್ಲಿ ಅಜ್ಜ ಅಜ್ಜಿಯ ಇದ್ದ ಒಂದೇ ಒಂದು ಫೋಟೊವನ್ನು ಮರಗೆಲಸದ ಬಿಳಿ ಗೋಂದು ಹಾಕಿ ಹಾರ್ಡ್‌ಬೋರ್ಡ್‌ಗೆ ಅಂಟಿಸಿದರು. ಬೋರ್ಡು ಮಳೆಗಾಲದಲ್ಲಿ ಬಾಗಿತು, ಫೋಟೊ ಅಡ್ಡಡ್ಡ ಸೀಳಿತು. ನೆಗೆಟಿವ್ ಇಲ್ಲ. ಅಜ್ಜಿಯ ಮುಖ ಈಗ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ. ಅದನ್ನು ಬಿಡಿಸೋಕೆ ಸಾಧ್ಯವಾ ಅಂತ ಕೇಳಿಕೊಂಡು ಎಷ್ಟು ಜನರ ಬಾಗಿಲು ತಟ್ಟಿದ್ದೇನೆ ಗೊತ್ತಾ? ಒಣಗಿದ ಆ ಗೋಂದು ಬಿಡಿಸಲು ಹೋದರೆ ಚಿತ್ರದ ಪದರವೇ ಎದ್ದು ಬರುತ್ತದೆ.

ಸ್ಕ್ಯಾನ್ ಮಾಡಿಸಿ, 600 ಡಿಪಿಐಗೆ ಕಡಿಮೆ ಬೇಡ. ಒರಿಜಿನಲ್ ಪೆಟ್ಟಿಗೆಯಲ್ಲಿ ಇರಲಿ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಹಳೇ ಬ್ರೋಮೈಡ್ (ಮೈಸೂರು):
ನಿಮ್ಮ ಚಿಕ್ಕಮ್ಮ ತಪ್ಪು ಬೋರ್ಡು ತಂದಿದ್ದಕ್ಕೆ ನನ್ನ ಮೇಲೆ ಯಾಕಮ್ಮಾ ರೇಗುತ್ತೀರಿ? ನನ್ನ ತಂದೆ, ನನ್ನ ಫೋಟೊ. ಪೆಟ್ಟಿಗೆಯಲ್ಲಿ ಇಟ್ಟು ಗೆದ್ದಲಿಗೆ ಕೊಡುವುದಕ್ಕಿಂತ ಗೋಡೆ ಮೇಲೆ ಇರುವುದು ಮೇಲು.

ಅಡಿಕೆ ಅಂಗಳ (ತೀರ್ಥಹಳ್ಳಿ):
ಬೋರ್ಡಿನ ವಿಷಯ ಬಂತಲ್ಲ, ನಮ್ಮ ಕಡೆ ಮಳೆ ಅನುಭವಿಸಿದವರು ಹೇಳಬೇಕು ಇದನ್ನು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಂದರೆ ಅಂಚಿನಿಂದ ನೀರು ಕುಡಿದು ರೊಟ್ಟಿ ಥರ ಉಬ್ಬುತ್ತದೆ. ನಾನು 12 ಎಂಎಂ ಮರೀನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ತಂದೆ, 2×3 ಅಡಿಗೆ ಕತ್ತರಿಸಿ 820 ತೆಗೆದುಕೊಂಡರು. ಎರಡೂ ಬದಿಗೆ, ನಾಲ್ಕೂ ಅಂಚಿಗೆ ಪ್ರೈಮರ್ ಹೊಡೆದೆ. ಆದರೂ ಬಾಗಿತು! ಯಾಕೆ ಅಂದರೆ ಮುಂದೆ ಪದರ ಪದರ ಕಾಗದ ಅಂಟಿಸಿದ್ದೇನೆ, ಅದು ಒಣಗುವಾಗ ಎಳೆಯುತ್ತದೆ. ಹಿಂದೆ ಏನೂ ಇಲ್ಲ. ಕೊನೆಗೆ ಹಿಂಬದಿಗೂ ಅಷ್ಟೇ ದಪ್ಪ ಕಾಗದ ಅಂಟಿಸಿದ ಮೇಲೆ ಸಮವಾಯಿತು.

ಅಂಟು ಅಂದರೆ ನಾನು ಬಳಸುವುದು ಮೈದಾ ಗೋಂದು. ಹಿಟ್ಟು ನೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೇಯಿಸಿ, ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಹುಳ ಮುಟ್ಟುವುದಿಲ್ಲ. ಪುಸ್ತಕ ಬೈಂಡ್ ಮಾಡುವವರೂ ಹೀಗೇ ಮಾಡುತ್ತಿದ್ದರು. ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ ಮನೆಯಲ್ಲಿ ಇದ್ದೇ ಇರುತ್ತದೆ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಖಂಡಿತ ಮಾಡಬೇಡಿ.

ಬಣ್ಣದ ಡಬ್ಬಿ (ಬೆಂಗಳೂರು):
ಫೋಟೊ ಪಕ್ಕಕ್ಕೆ ಮೈಲುತುತ್ತನಾ? ತಾಮ್ರ ಸೇರಿದರೆ ಕಪ್ಪುಬಿಳುಪು ಫೋಟೊದಲ್ಲಿರುವ ಬೆಳ್ಳಿ ಸುಮ್ನೆ ಇರುತ್ತದಾ? ಪತ್ರಿಕೆ ಕಾಗದಕ್ಕೆ ಸರಿ, ಫೋಟೊಗೆ ಬೇಡ. ಅಲ್ಲದೆ 80ರ ದಶಕದ ಕಲರ್ ಪ್ರಿಂಟ್ ಕಾಗದಕ್ಕೆ ಎರಡೂ ಕಡೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಮೈದಾ ಅದರ ಮೇಲೆ ಹಿಡಿಯುವುದೇ ಇಲ್ಲ, ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ.

ಅಡಿಕೆ ಅಂಗಳ (ತೀರ್ಥಹಳ್ಳಿ):
ನಾನು ಅಂಟಿಸಿದ್ದು ಹಳೆ ಪಂಚಾಂಗದ ಹಾಳೆ, ಅಜ್ಜನ ಅಡಿಕೆ ಮಂಡಿ ಚೀಟಿ. ಎಲ್ಲ ಗಟ್ಟಿಯಾಗಿದೆ. ಬೆಂಗಳೂರಿನ ಫ್ಯಾನಿನ ಕೆಳಗೆ ಕೂತು ನಮ್ಮ ಮಳೆಗಾಲಕ್ಕೆ ಪಾಠ ಹೇಳಬೇಡಿ.

ಎಣ್ಣೆಬಣ್ಣ:
ಬೇಸರ ಮಾಡಿಕೊಳ್ಳಬೇಡಿ, ಇದೆಲ್ಲ ಪೇಂಟಿಂಗ್ ಹೇಗಾಗುತ್ತದೆ? ಮುಖ ಬಿಡಿಸಲು ನಾನು ವರ್ಷಗಟ್ಟಲೆ ಕೂತು ಕಲಿತೆ. ಮುಖವನ್ನೇ ಕತ್ತರಿಸಿ ಅಂಟಿಸಿದರೆ ಅದು ಆಲ್ಬಂ.

ಧಾರವಾಡದ ಅಕ್ಕ:
ಇವರಿಗೆ ಉತ್ತರ ಕೊಡಲೇಬೇಕು. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಯ (ಅಲ್ಲಿನ ಕೃಷ್ಣನ) ಚಿತ್ರ ಬರೆಯುವವರು ಭಕ್ತರ ಫೋಟೊದಿಂದ ಮುಖ ಕತ್ತರಿಸಿ ಚಿತ್ರದೊಳಗೆ ಅಂಟಿಸಿ, ಮೈ, ಬಟ್ಟೆ, ದೇವರು ಎಲ್ಲವನ್ನೂ ಕುಂಚದಿಂದ ಬರೆಯುತ್ತಿದ್ದರು. ಮನೋರಥ ಚಿತ್ರ ಅಂತ ಅದಕ್ಕೆ ಹೆಸರು. ಮುಖದ ಅಂಚು ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು, ಅಷ್ಟು ನಯ. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಪೂರ್ತಿ ಹೋದ ಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ಅದೂ ಆಲ್ಬಂ ಅನ್ನುತ್ತೀರಾ?

ಮೂಲ ಪ್ರಶ್ನೆ ಕೇಳಿದ ತಂಗಿಗೆ ಗೋಂದಿಗಿಂತ ದೊಡ್ಡ ವಿಷಯ ಹೇಳುತ್ತೇನೆ. ಮನೆಯವರನ್ನು ಮೊದಲು ಕೇಳಿ. ನಾನು ಅಣ್ಣನ ಮದುವೆಯ ಗುಂಪು ಫೋಟೊದ ಪ್ರಿಂಟ್ ಬಳಸಿದೆ. ಅಳತೆಗೆ ಕೂರಲಿಲ್ಲ ಅಂತ ಬಲಗಡೆ ಒಂದು ಪಟ್ಟಿ ತೆಗೆದೆ. ಆ ಪಟ್ಟಿಯಲ್ಲಿ ದೊಡ್ಡತ್ತೆ ಇದ್ದರು. ಭುಜ ಮತ್ತು ಬಳೆ ಹಾಕಿದ ಒಂದು ಕೈ ಮಾತ್ರ ಉಳಿದಿತ್ತು. ಗೃಹಪ್ರವೇಶದ ದಿನ ಅತ್ತೆ ಆ ಕೈ ನೋಡಿ, "ಇದು ನನ್ನ ಬಳೆ" ಅಂದರು, ಊಟ ಮಾಡದೆ ಹೋದರು. ಆಮೇಲೆ ಆ ಮನೆಯವರು ಫೋನ್ ಎತ್ತಲಿಲ್ಲ. ಚಿತ್ರ ಚಂದ ಇದೆ ಅಂತ ನಾನು ಈಗಲೂ ಅನ್ನುತ್ತೇನೆ, ಒಂದು ಭುಜಕ್ಕೆ ಇಷ್ಟು ಮುನಿಸು ಬೇಕಿರಲಿಲ್ಲ.

ಎಣ್ಣೆಬಣ್ಣ:
ನಾಥದ್ವಾರದವರು ಮೈಯನ್ನಾದರೂ ಬರೆದರು. ಇಲ್ಲಿ ಯಾರು ಬರೆಯುತ್ತಿದ್ದಾರೆ?

ಸಂತೆ ಮೂಲೆ:
ಬರೆದರೂ ಅಷ್ಟೇ, ಬರೆಯದಿದ್ದರೂ ಅಷ್ಟೇ, ಕೊಳ್ಳುವವರು ಬೇಕಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ನಮ್ಮ ಮನೆಯ ಫೋಟೊಗಳ ಕೊಲಾಜ್ ಒಯ್ದಿದ್ದೆ. ಒಂದೊಂದಕ್ಕೆ ಸಾಮಾನು 2,200, ಫ್ರೇಮ್ 1,800, ನಾನು ಹೇಳಿದ ಬೆಲೆ 6,500. ಜನ ಬಂದು "ಇವರು ಯಾರು?" ಅಂತ ಕೇಳುತ್ತಾರೆ. ನಮ್ಮಜ್ಜಿ ಅಂದ ಕೂಡಲೇ ಮುಂದೆ ಹೋಗುತ್ತಾರೆ. ಪಕ್ಕದವರ ಬುದ್ಧ ಬೆಳಿಗ್ಗೆಯೇ ಖಾಲಿ.

ಎಣ್ಣೆಬಣ್ಣ:
ಆ ಬುದ್ಧ ಬಹುಶಃ ಕೈಯಲ್ಲಿ ಬರೆದದ್ದು.

ಸಂತೆ ಮೂಲೆ:
ಅಚ್ಚು ಇಟ್ಟು ಹೊಡೆದ ಬುದ್ಧ ಸ್ವಾಮಿ! ಪಕ್ಕದಲ್ಲೇ ದಿನವಿಡೀ ನಿಂತವನು ನಾನು. ನೋಡದೆ ಮಾತಾಡಬೇಡಿ.

ಶಿವಮೊಗ್ಗದ ಮಗಳು:
ಎಲ್ಲರಿಗೂ ಧನ್ಯವಾದ. ಪ್ಲೈ ಮತ್ತು ಲೇಸರ್ ಪ್ರಿಂಟ್ ಅಂತ ಗಟ್ಟಿ ಮಾಡಿಕೊಂಡೆ. ಪ್ರಿಂಟ್ ಅಂಟಿಸುವ ಬದಲು ಟ್ರಾನ್ಸ್‌ಫರ್ ಮಾಡಿದರೆ ಹೇಗೆ? ಜರಿ ಬಗ್ಗೆ ಯಾರೂ ಹೇಳಲಿಲ್ಲ.

ನೆಗೆಟಿವ್ ಪೆಟ್ಟಿಗೆ:
ಟ್ರಾನ್ಸ್‌ಫರ್ ಮಾಡುವುದಾದರೆ ಮೊದಲು ಕನ್ನಡಿ ಬಿಂಬದಂತೆ ತಿರುಗಿಸಿ ಪ್ರಿಂಟ್ ತೆಗೆಸಿ. ಜೆಲ್ ಹಚ್ಚಿ ಪ್ರಿಂಟ್ ಬೋರಲು ಹಾಕುತ್ತೀರಿ, ಒಣಗಿದ ಮೇಲೆ ಹಿಂದಿನ ಕಾಗದವನ್ನು ನೀರು ಮುಟ್ಟಿಸಿ ಬೆರಳಲ್ಲಿ ಉಜ್ಜಿ ತೆಗೆಯುತ್ತೀರಿ, ಅಷ್ಟೂ ಆದ ಮೇಲೆ ನೋಡಿದರೆ ಎಡ ಬಲ ಅದಲು ಬದಲು. ನಮ್ಮ ಗೆಳತಿ ಮಾಡಿದ ಚಿತ್ರದಲ್ಲಿ ಅವಳ ಅಮ್ಮನ ಸೆರಗು ಬಲ ಹೆಗಲಿಗೆ ಬಂತು. "ನಾವೇನು ಕೊಡಗಿನವರಾ" ಅಂತ ಆ ಅಮ್ಮ ನೊಂದುಕೊಂಡರು. ಲೆಟರ್‌ನ ಅಕ್ಷರವಂತೂ ಓದೋಕೇ ಆಗುವುದಿಲ್ಲ.

ಜರಿ ಹಳೆಯದಾದರೆ ಬೆಳ್ಳಿ ಇರುತ್ತದೆ, ಗಾಳಿಗೆ ಕಪ್ಪಾಗಿಯೇ ಆಗುತ್ತದೆ. ರಬ್ಬರ್ ಸೊಲ್ಯೂಷನ್ ಅಂಟು ಅದರ ಹತ್ತಿರ ಸುಳಿಯಬಾರದು. ನನ್ನ ಮಾತು ಕೇಳಿದರೆ ಸೀರೆ ಕತ್ತರಿಸಲೇಬೇಡಿ, ಅಂಚನ್ನೂ ಸ್ಕ್ಯಾನ್ ಮಾಡಿಸಿ.

ಹಳೇ ಬ್ರೋಮೈಡ್ (ಮೈಸೂರು):
ಸೀರೆಯನ್ನೂ ಸ್ಕ್ಯಾನಾ! ಜರಿ ಕಪ್ಪಾದರೆ ಆಗಲಿ, ಅದು ಆ ತಾಯಿ ಉಟ್ಟ ಜರಿ. ಸ್ಕ್ಯಾನಲ್ಲಿ ಅದು ಬರೀ ಹಳದಿ ಗೆರೆ. ತಂಗೀ, ನೀವು ಅಂಚು ಅಂಟಿಸಿ, ಮ್ಯಾಟ್ ವಾರ್ನಿಷ್ ತೆಳುವಾಗಿ ಕೊಡಿ, ಗಾಜು ಹಾಕಿಸಿದರೆ ಚಿತ್ರಕ್ಕೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ.

ನೆಗೆಟಿವ್ ಪೆಟ್ಟಿಗೆ:
ಸೀರೆ ಅವರ ಅಮ್ಮನದು ಸರ್. ಕತ್ತರಿ ಹಾಕಿ ಅಂತ ಹೇಳೋಕೆ ನೀವು ಯಾರು?