ಸಹಾಯ ಬೇಕು: ಕ್ಯಾಲಿಫೋರ್ನಿಯಾದಲ್ಲಿ ಮನೆ ಇನ್ಶೂರೆನ್ಸ್ ನವೀಕರಿಸಲ್ಲ ಅಂತ ಪತ್ರ ಬಂದಿದೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಸಿಯೆರಾ ಬೆಟ್ಟಗಳ ತಪ್ಪಲಲ್ಲಿ, ಮನೆ ಹಿಂದೆಯೇ ಪೈನ್ ಕಾಡು. ಒಂಬತ್ತು ವರ್ಷ ಒಂದೇ ಕಂಪನಿ, ಒಂದು ಕ್ಲೇಮೂ ಹಾಕಿಲ್ಲ. ಈಗ ಕಾಡ್ಗಿಚ್ಚಿನ ಅಪಾಯ ಜಾಸ್ತಿ ಅಂತ ಪಾಲಿಸಿ ನಿಲ್ಲಿಸ್ತಿದ್ದಾರೆ. ಇಲ್ಲಿನ ನಿಯಮದ ಪ್ರಕಾರ 75 ದಿನ ಮೊದಲೇ ತಿಳಿಸಬೇಕು, ತಿಳಿಸಿದ್ದಾರೆ. ಅದರಲ್ಲಿ 40 ದಿನ ಆಗಲೇ ಕಳೆದುಹೋಯ್ತು.

ಸುಮ್ನೆ ಕೂತಿಲ್ಲ. ಗೋಡೆಯಿಂದ 5 ಅಡಿವರೆಗೆ ಗಿಡ, ಮರದ ಚೂರು ಎಲ್ಲ ತೆಗೆದು ಜಲ್ಲಿ ಹಾಕಿದ್ವಿ. ಮನೆಗೆ ಬಂದ ವಾರ ನೆಟ್ಟಿದ್ದ ಗುಲಾಬಿ ಕೀಳುವಾಗ ಕರುಳು ಚುರ್ ಅಂತು. ಅಟ್ಟದ ಗಾಳಿಕಿಂಡಿಗಳಿಗೆ ಕಿಡಿ ನುಗ್ಗದ ಹಾಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಕೂರಿಸಿದ್ವಿ. ಫೋಟೋ ಸಮೇತ ಮನವಿ ಕಳಿಸಿದ್ರೆ ಎರಡೇ ಸಾಲಿನ ಉತ್ತರ, ಆಗಲ್ಲ ಅಂತ. ಬೇರೆ ಆರು ಕಂಪನಿಯವರು ಜಿಪ್ ಕೋಡ್ ಕೇಳಿದ ತಕ್ಷಣ ಕೈ ಎತ್ತಿಬಿಟ್ರು.

ಉಳಿದಿರೋದು ಫೇರ್ ಪ್ಲಾನ್ ಒಂದೇ, ಅಂದ್ರೆ ಬೇರೆಲ್ಲೂ ಇನ್ಶೂರೆನ್ಸ್ ಸಿಗದವರಿಗೆ ಅಂತ ಇಲ್ಲಿರೋ ಕೊನೆಯ ಆಸರೆ. ಅದು ಮುಖ್ಯವಾಗಿ ಬೆಂಕಿ, ಹೊಗೆ, ಸಿಡಿಲಿಗೆ. ಕಳ್ಳತನ, ಪೈಪ್ ಒಡೆದು ನೀರು ನುಗ್ಗೋದು, ಲಯಬಿಲಿಟಿ (ನಮ್ಮಿಂದ ಬೇರೆಯವರಿಗೆ ಹಾನಿಯಾದ್ರೆ ಬರೋ ಹೊಣೆ), ಇದಕ್ಕೆಲ್ಲ 'ಡಿಫರೆನ್ಸ್ ಇನ್ ಕಂಡಿಷನ್ಸ್' ಅನ್ನೋ ಇನ್ನೊಂದು ಪಾಲಿಸಿ ಬೇಕು. ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಆ ಎರಡನೇ ಪಾಲಿಸಿಯವರು ಮೊದಲು ಫೇರ್ ಪ್ಲಾನ್ ನಂಬರ್ ತನ್ನಿ ಅಂತಾರೆ. ಸಾಲ ಕೊಟ್ಟ ಬ್ಯಾಂಕಿನವರು ಎರಡೂ ಒಟ್ಟಿಗೆ ತೋರಿಸಿ ಅಂತಾರೆ. ಒಂದು ದಿನ ಖಾಲಿ ಬಿಟ್ರೂ ತಾವೇ ದುಬಾರಿ ಇನ್ಶೂರೆನ್ಸ್ ಹಾಕಿ ನಮ್ಮ ಕಂತಿಗೆ ಸೇರಿಸ್ತಾರಂತೆ.

ಹೀಗೆ ಎರಡು ಪಾಲಿಸಿ ಜೋಡಿಸಿಕೊಂಡವರು ಯಾರಾದರೂ ಇದ್ದೀರಾ? ಎರಡೂ ಒಂದೇ ದಿನ ಶುರುವಾಗೋ ಹಾಗೆ ಯಾವುದಕ್ಕೆ ಮೊದಲು, ಎಷ್ಟು ದಿನ ಮುಂಚೆ ಅರ್ಜಿ ಹಾಕಿದ್ರಿ? ಬ್ಯಾಂಕಿನವರು ಯಾವ ಕಾಗದ ಒಪ್ಪಿಕೊಂಡ್ರು?