ಧರ್ಮಪತ್ನಿಯೊಳಗೆ ಒಂಬತ್ತು ಎಲ್ಲಿಂದ ಬಂತು?

ಸಾಗರದ ಹುಡುಗ:
ದೊಡ್ಡಪ್ಪನ ಮನೆಯ ಗೃಹಪ್ರವೇಶದ ಕರೆಯೋಲೆ ಮೊನ್ನೆ ವಾಟ್ಸಾಪ್‌ಗೆ ಬಂತು. ಫೋಟೋ ಅಲ್ಲ, ಟೈಪ್ ಮಾಡಿದ್ದು. ಅಜ್ಜಿಗೆ ಕಣ್ಣು ಮಂಜು, ಅದಕ್ಕೆ ಮೊಬೈಲ್‌ನಿಂದಲೇ ಗಟ್ಟಿಯಾಗಿ ಓದಿಸಿದೆ. ಅದು ಗಂಭೀರವಾಗಿ "ಧಮ ಒಂಬತ್ತು ಪತ್ನಿ ಸಮೇತ" ಎಂದಿತು. ಅಜ್ಜಿ ಎಲೆ ಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು. "ಎಷ್ಟು ಜನ ಅಂತು?"

ತೆಗೆದು ನೋಡಿದರೆ "ಧಮ೯ಪತ್ನಿ". ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿದೆ! ಕೆಳಗೆ "ತಮ್ಮ ಆಶೀವಾ೯ದವೇ ಉಡುಗೊರೆ". "ಬೆ೦ಗಳೂರು" ಎಂಬಲ್ಲಿ ಇರುವುದು ಅಂಕಿಯ ಸೊನ್ನೆ. ಇದರ ಮೇಲೆ "ಆಧರದ ಸ್ವಾಗತ" ಬೇರೆ, ಮಹಾಪ್ರಾಣ ಪುಕ್ಕಟೆ ಸಿಕ್ಕಿದ ಹಾಗೆ.

ಇದು ಬೆರಳು ತಪ್ಪಿದ್ದೋ, ಹೀಗೇ ಟೈಪ್ ಮಾಡುವವರು ಇದ್ದಾರೋ? ಮನೆಯಲ್ಲಿ ಕೇಳಿದರೆ "ಓದೋಕೆ ಬರುತ್ತಲ್ವಾ, ಸುಮ್ನಿರು" ಅಂತಾರೆ. ನನಗೆ ಸುಮ್ಮನಿರಲು ಆಗುತ್ತಿಲ್ಲ.

ಡಿಟಿಪಿ ಅಂಗಡಿಯವ:
ಬೆರಳು ತಪ್ಪಿದ್ದಲ್ಲ ಸಾರ್, ದಿನಾ ನೋಡುತ್ತೇನೆ. "ಧರ್ಮ" ಎಂದು ಕೈಯಲ್ಲಿ ಬರೆಯುವಾಗ ಮೊದಲು ಮ, ಆಮೇಲೆ ಅರ್ಕಾವೊತ್ತು. ಯೂನಿಕೋಡ್‌ನಲ್ಲಿ (ಕಂಪ್ಯೂಟರ್, ಮೊಬೈಲುಗಳು ಅಕ್ಷರಕ್ಕೊಂದು ಸಂಖ್ಯೆ ಕೊಟ್ಟು ಇಡುವ ಪದ್ಧತಿ) ಉಲ್ಟಾ. ಮೊದಲು ರ, ಅದಕ್ಕೆ ಹಲಂತ (ಸ್ವರ ತೆಗೆಯುವ ಗುರುತು), ಆಮೇಲೆ ಮ. ಆಗ ಒತ್ತು ತಾನಾಗಿ ಮ ದಾಟಿ ಬಲಕ್ಕೆ ಹೋಗಿ ಕೂರುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲೇ ಕುಟ್ಟುವವರಿಗೆ ಮ ಆದಮೇಲೆ ಅರ್ಕಾವೊತ್ತು ಎಲ್ಲೂ ಸಿಗುವುದಿಲ್ಲ. ಕೀಬೋರ್ಡಿನಲ್ಲಿ ಅದರ ಹಾಗೇ ಕಾಣುವುದು ೯ ಒಂದೇ. ಹಾಕಿ ಮುಗಿಸುತ್ತಾರೆ. ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟುಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುವ ಬೇರೆ ತುಂಡೇ ಆಗಿತ್ತು, ಆ ಅಭ್ಯಾಸವೂ ಇರಬಹುದು.

ಸೊನ್ನೆಯದ್ದು ಇನ್ನೂ ಕಷ್ಟ. ಅನುಸ್ವಾರದ ಯೂನಿಕೋಡ್ ಸಂಖ್ಯೆ 3202, ಅಂಕಿ ಸೊನ್ನೆಯದ್ದು 3302. ಎಷ್ಟೋ ಫಾಂಟುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪ್ರೂಫ್ ನೋಡುವವರಿಗೂ ಸಿಕ್ಕಿಬೀಳುವುದಿಲ್ಲ. ಆದರೆ ಫೈಲಿನಲ್ಲಿ "ಬೆಂಗಳೂರು" ಎಂದು ಹುಡುಕಿ, ಇಲ್ಲ ಅನ್ನುತ್ತದೆ.

ನಿವೃತ್ತ ಮೇಷ್ಟ್ರು:
ಸೊನ್ನೆಯ ತಪ್ಪು ನಮ್ಮದೂ ಹೌದಪ್ಪ. "ಬೆ ಬರೆದು ಪಕ್ಕದಲ್ಲಿ ಸೊನ್ನೆ ಹಾಕು" ಎಂದು ಒಂದನೇ ಕ್ಲಾಸಿನಲ್ಲಿ ಹೇಳಿಕೊಟ್ಟವರು ನಾವೇ. ಪಾಪ, ಹಾಕಿದ್ದಾನೆ. ಅನುಸ್ವಾರ ಎಂಬ ಹೆಸರು ವ್ಯಾಕರಣದ ಪಾಠದಲ್ಲಿ ಒಂದು ಸಲ ಬಂದು ಹೋಗುತ್ತದೆ, ಅಷ್ಟೆ. ಒಂಬತ್ತಿಗೆ ಮಾತ್ರ ಮಾಫಿ ಇಲ್ಲ. "ಆಧರ"ಕ್ಕೂ ಇಲ್ಲ.

ಡಿಟಿಪಿ ಅಂಗಡಿಯವ:
ಮೇಷ್ಟ್ರೇ, ನನ್ನ ಅಂಗಡಿಗೆ ಬನ್ನಿ. "ಶುಭಾಷಯ" ಎಂದು ಬರೆದುಕೊಂಡು ಬಂದವರಿಗೆ ಶ ಹಾಕಿಕೊಟ್ಟರೆ, "ನೀವು ತಪ್ಪು ಮಾಡಿದ್ದೀರಿ" ಎಂದು ನನಗೇ ಜಗಳ.

ಸಾಗರದ ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ದೊಡ್ಡಪ್ಪನ ಹತ್ತಿರ ಹಠ ಮಾಡಿ ಫೈಲ್ ತರಿಸಿಕೊಂಡೆ. ಒಂಬತ್ತುಗಳನ್ನು ಒಂದೊಂದಾಗಿ ತೆಗೆದೆ. ಸೊನ್ನೆ ಜಾಸ್ತಿ ಇತ್ತು. ಫೈಂಡ್ ರಿಪ್ಲೇಸ್‌ನಲ್ಲಿ ಅಂಕಿ ಸೊನ್ನೆ ಕೊಟ್ಟು, ಎಲ್ಲ ಕಡೆ ಅನುಸ್ವಾರ ಮಾಡು ಎಂದೆ. ಒಂದೇ ಏಟಿಗೆ ಆಯಿತು. ಹೆಮ್ಮೆಯಿಂದ ಗ್ರೂಪಿಗೆ ಹಾಕಿ, ಅಜ್ಜಿಗೆ ಮತ್ತೆ ಓದಿಸಿದೆ. ಧರ್ಮಪತ್ನಿ ಒಬ್ಬರೇ ಆದರು, ಬೆಂಗಳೂರು ಸರಿಯಾಯಿತು.

ಪೂಜೆ "೧೦ ಗಂಟೆಗೆ" ಎಂದಿತ್ತು. ಅಜ್ಜಿ ಪೂರ್ತಿ ಕೇಳಿ ಅಂದರು, "ಬೆಳಗಿನ ಹತ್ತಕ್ಕೆ ಅಂದಿದ್ದ ಅವನು. ಈಗ ಒಂದು ಗಂಟೆ ಅಂತಿದೆಯಲ್ಲೋ?"